ಅತ್ತೂರಿನಲ್ಲಿ ನಡೆಯಬೇಕಾದವರು ಬಡವರು ಮಾತ್ರವೇ?

ಮಾನ್ಯರೇ,

ಕಾರ್ಕಳ ತಾಲ್ಲೂಕಿನ ಅತ್ತೂರಿನ ಸಂತ ಲಾರೆನ್ಸ್ ಚರ್ಚ್ ಜಾತ್ರೆಯ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಅಚ್ಚುಕಟ್ಟಾದ ವ್ಯವಸ್ಥೆ’ ಅಂತೆ. ಯಾರಿಗೆ ಸ್ವಾಮೀ? ನಿಮ್ಮ ವರದಿಗಾರರು ಗಣ್ಯರ ಕಾರಿನಲ್ಲೇ ಬಂದಿರಬೇಕು.

ನಾವು ಬಸ್ಸಿನಲ್ಲಿ ಬಂದವರು. ಕ್ರೈಸ್ತರೂ ಅಲ್ಲ. ಆದರೆ ಅತ್ತೂರಿಗೆ ಹೋಗಲು ಅದು ನಮ್ಮ ಊರಿನಲ್ಲಿ ಯಾರಿಗೂ ಯಾವತ್ತೂ ಅಡ್ಡಿಯಾಗಿಲ್ಲ. ಮಂಡಿ ಆಪರೇಷನ್ ಸರಿಹೋದರೆ ಮೊಂಬತ್ತಿ ಹಚ್ಚುತ್ತೇನೆ ಎಂದು ಅಮ್ಮ ಹರಕೆ ಹೊತ್ತಿದ್ದರು. ಬಸ್ಸು ಅರ್ಧ ದಾರಿಯಲ್ಲೇ ನಿಂತಿತು. ಮುಂದೆ ಬಿಡುವುದಿಲ್ಲ, ಇಳಿಯಿರಿ ಎಂದರು ಕಂಡಕ್ಟರ್. ಟಿಕೆಟ್ ಮಾತ್ರ ಪೂರ್ತಿ ದೂರದ್ದು, ಅದೂ ಜಾತ್ರೆ ರೇಟು. ರಿಕ್ಷಾದವರು ಹೇಳಿದ ಬಾಡಿಗೆಗೆ ಮಂಗಳೂರಿಗೆ ಹೋಗಿ ಬರಬಹುದಿತ್ತು. ನೆರಳಿಲ್ಲ, ಕೂರಲು ಒಂದು ಬೆಂಚಿಲ್ಲ. ಹೆಂಗಸರು ಶೌಚಕ್ಕೆ ಎಲ್ಲಿ ಹೋಗಬೇಕು ಎಂದು ಕೇಳಿದರೆ ಡ್ಯೂಟಿಯಲ್ಲಿದ್ದವರೊಬ್ಬರು ಗುಡ್ಡದ ಕಡೆ ಕೈ ತೋರಿಸಿದರು!

ಅಷ್ಟರಲ್ಲಿ ಸೈರನ್ ಕೇಳಿಸಿತು. ಸೈಕಲ್ಲೂ ಹೋಗುವ ಹಾಗಿಲ್ಲ ಎಂದು ಅಡ್ಡ ಇಟ್ಟಿದ್ದ ಬ್ಯಾರಿಕೇಡು ತಕ್ಷಣ ಪಕ್ಕಕ್ಕೆ ಸರಿಯಿತು. ಒಂದರ ಹಿಂದೆ ಒಂದು ಕಾರು ನಮ್ಮ ಮೇಲೆ ಧೂಳು ಹಾರಿಸಿಕೊಂಡು ಹೋದವು. ಊರುಗೋಲು ಹಿಡಿದ ಅಮ್ಮ ಚರಂಡಿಯ ಅಂಚಿಗೆ ಸರಿದು ನಿಂತರು.

ಈ ಗಣ್ಯರೆಲ್ಲ ಯಾರ ಜಾತ್ರೆಗೆ ಬಂದದ್ದು ಎಂದು ಇವರಿಗೆ ಗೊತ್ತಿದೆಯೇ? ನಿಮ್ಮ ವರದಿಯಲ್ಲಿ ಗಣ್ಯರ ಹೆಸರು ಒಂದೂ ಬಿಟ್ಟುಹೋಗಿಲ್ಲ. ಸಂತರ ಬಗ್ಗೆ ಮಾತ್ರ ‘ಪವಾಡ ಪುರುಷ’ ಎಂದಷ್ಟೇ ಬರೆದು ಕೈ ತೊಳೆದುಕೊಂಡಿದ್ದೀರಿ. ಲಾರೆನ್ಸ್ ಮೂರನೇ ಶತಮಾನದಲ್ಲಿ ರೋಮಿನಲ್ಲಿದ್ದವರು. ಪೋಪ್ ಎರಡನೇ ಸಿಕ್ಸ್‌ಟಸ್ ಅವರ ಕೈಕೆಳಗಿನ ಡೀಕನ್, ಅಂದರೆ ಪಾದ್ರಿಗಿಂತ ಕೆಳಗಿನ ಹಂತದ ಧರ್ಮಸೇವಕ. ಚರ್ಚ್‌ನ ಹಣ ನೋಡಿಕೊಳ್ಳುವುದು, ಬಡವರಿಗೆ ಹಂಚುವುದು ಅವರ ಕೆಲಸ. 258ರಲ್ಲಿ ಚಕ್ರವರ್ತಿ ವಲೇರಿಯನ್ ಕಾಲದಲ್ಲಿ ಮೊದಲು ಪೋಪರನ್ನು ಕೊಂದರು. ಆಮೇಲೆ ನಗರದ ಅಧಿಕಾರಿ ಲಾರೆನ್ಸರನ್ನು ಹಿಡಿದು, ಖಜಾನೆ ತಂದು ಒಪ್ಪಿಸು ಎಂದನಂತೆ. ಲಾರೆನ್ಸರು ಇದ್ದದ್ದನ್ನೆಲ್ಲ ಹಂಚಿ, ಕುಂಟರು, ಕುರುಡರು, ಭಿಕ್ಷುಕರನ್ನು ಕರೆದುಕೊಂಡು ಹೋಗಿ, ‘ಇವರೇ ನಮ್ಮ ಖಜಾನೆ’ ಎಂದರಂತೆ. ಆ ಖಜಾನೆಯನ್ನು ಮೊನ್ನೆ ಬಿಸಿಲಲ್ಲಿ ನಡೆಸಿದರು!

ಲಾರೆನ್ಸರನ್ನು ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟರು, ‘ಈ ಕಡೆ ಬೆಂದಿದೆ, ತಿರುಗಿಸಿ’ ಎಂದು ಅವರೇ ತಮಾಷೆ ಮಾಡಿದರು ಎಂದೂ ಕಥೆಯಿದೆ. ಅದಕ್ಕೇ ಅಡುಗೆಯವರು ಅವರನ್ನು ತಮ್ಮ ಸಂತ ಅನ್ನುತ್ತಾರೆ. ನಿಜವಾಗಿ ತಲೆ ಕಡಿದಿರಬೇಕು ಎನ್ನುವ ಇತಿಹಾಸಕಾರರೂ ಇದ್ದಾರೆ, ಇರಲಿ. ಆ ರಸ್ತೆಯ ಡಾಂಬರಿನ ಮೇಲೆ ನಡೆದವರು ಜಾಲರಿಯ ಕಥೆಯನ್ನು ಸುಲಭವಾಗಿ ನಂಬುತ್ತಾರೆ.

ಚರ್ಚ್‌ನ ಸ್ವಯಂಸೇವಕ ಹುಡುಗರು ಮಾತ್ರ ಅಮ್ಮನಿಗೆ ನೀರು ಕೊಟ್ಟು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅವರ ಮೇಲೆ ದೂರಿಲ್ಲ.

ಗೋವಾದಿಂದ ತಂದ ಸಂತರ ಮರದ ಪ್ರತಿಮೆಯನ್ನು ಇಲ್ಲಿನ ನೀರಿನ ಬುಗ್ಗೆಯ ಹತ್ತಿರ ಕೆಳಗಿಟ್ಟರೆ ಮತ್ತೆ ಮೇಲೇಳಲಿಲ್ಲವಂತೆ. ಇಲ್ಲೇ ಚರ್ಚ್ ಕಟ್ಟುತ್ತೇವೆ ಎಂದು ಹರಕೆ ಹೊತ್ತ ಮೇಲೆ ಎದ್ದಿತಂತೆ. ನಮ್ಮ ಕಚೇರಿಗಳ ಫೈಲುಗಳೂ ಹಾಗೆಯೇ, ಇಟ್ಟ ಮೇಜಿನಿಂದ ಏಳುವುದಿಲ್ಲ. ಅವು ಏಳಲು ಎಂಥ ಹರಕೆ ಬೇಕು ಎಂದು ಎಲ್ಲರಿಗೂ ಗೊತ್ತು. ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ಹೆಸರು ಬದಲಾಯಿಸಲು ಕೊಟ್ಟ ಅರ್ಜಿ ಇನ್ನೂ ಅಲ್ಲೇ ಮಲಗಿದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸರ್ವರ್ ಇಲ್ಲ, ನಾಳೆ ಬನ್ನಿ. ಮನೆ ಮುಂದಿನ ರಸ್ತೆ ಅಗೆದು ಹೋದವರೂ ತಿರುಗಿ ನೋಡಿಲ್ಲ. ಮಂತ್ರಿ ಬರುತ್ತಾರೆ ಎಂದರೆ ಮಾತ್ರ ರಾತ್ರೋರಾತ್ರಿ ತೇಪೆ ಬೀಳುತ್ತದೆ.

ಜಾತ್ರೆ ದಿಢೀರ್ ಅಂತ ಬರುವುದಲ್ಲ. ಲೋಕಕ್ಕೆಲ್ಲ ಲಾರೆನ್ಸರ ದಿನ ಆಗಸ್ಟ್ 10, ನಮ್ಮ ಜಾತ್ರೆ ಪ್ರತಿ ವರ್ಷ ಜನವರಿಯಲ್ಲಿ. ಚರ್ಚ್‌ಗೆ ಬೆಸಿಲಿಕಾ ಎಂಬ, ಪೋಪ್ ಕೊಡುವ ವಿಶೇಷ ಗೌರವದ ಪದವಿ ಬಂದದ್ದೂ 2016ರಲ್ಲಿ. ಯೋಚನೆ ಮಾಡಲು ಇಷ್ಟು ಸಮಯ ಸಾಲದೇ?

ಅಧಿಕಾರಿಗಳೇ, ಮುಂದಿನ ವರ್ಷ ಬಸ್ಸು ಬಾಗಿಲವರೆಗೂ ಬರಲಿ, ಇಲ್ಲವೇ ಗಣ್ಯರನ್ನೂ ನಡೆಸಿ. ನೀರು, ನೆರಳು, ಶೌಚಾಲಯ ಎಲ್ಲ ಮಾಡಿ. ನನ್ನ ಅರ್ಜಿಯನ್ನೂ ಒಮ್ಮೆ ನೋಡಿ. ಏನೂ ಮಾಡಲು ಮನಸ್ಸಿಲ್ಲದಿದ್ದರೆ ಕುರ್ಚಿ ಬಿಟ್ಟು ಮನೆಗೆ ಹೋಗಿ. ಸುಮ್ನೆ ಸಂಬಳ ಯಾಕೆ?

– ನೊಂದ ಓದುಗ, ಕಾರ್ಕಳ ತಾಲ್ಲೂಕು