ಹೊಸ ಆ್ಯಂಟಿಬಯಾಟಿಕ್‌ಗೆ ಸರ್ಕಾರದ ಬೆಂಬಲ ಬೇಕು

ಮಾನ್ಯ ಸಂಪಾದಕರೇ,

ಔಷಧಗಳಿಗೆ ಬಗ್ಗದ ಸೋಂಕುಗಳಿಗೆ ಮದ್ದು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲೇ ಸಿಗಬಹುದೆಂಬುದಕ್ಕೆ ಟೀಕ್ಸೊಬ್ಯಾಕ್ಟಿನ್ ಎಂಬ ಆ್ಯಂಟಿಬಯಾಟಿಕ್ ಒಳ್ಳೆಯ ನಿದರ್ಶನ. ಅವುಗಳಲ್ಲಿ ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದಿಲ್ಲವಾದ್ದರಿಂದ, ಅಮೆರಿಕದ ಕಿಮ್ ಲೂಯಿಸ್ ಮತ್ತು ಸಂಗಡಿಗರು ಪುಟ್ಟ ರಂಧ್ರಗಳ ಸಾಧನದಲ್ಲಿ ಒಂದೊಂದೇ ಜೀವಕೋಶವನ್ನಿರಿಸಿ, ಪೋಷಕಾಂಶಗಳು ಒಳಬರುವಂತಹ ಪೊರೆ ಹೊದಿಸಿ, ಮತ್ತೆ ಮಣ್ಣಿನಲ್ಲೇ ಹೂತು ಬೆಳೆಸಿದರು. ಹಾಗೆ ದೊರೆತು 2015ರಲ್ಲಿ ಪ್ರಕಟವಾದ ಈ ಸಂಯುಕ್ತ ಹಲವು ಔಷಧಗಳಿಗೆ ಬಗ್ಗದ ಎಂಆರ್‌ಎಸ್‌ಎ ರೋಗಾಣುವನ್ನೂ ಕೊಲ್ಲಬಲ್ಲದು.

ಸಂಶೋಧನೆಗಿಂತ ದೊಡ್ಡ ತೊಡಕು ಹಣದ್ದು. ಬ್ಯಾಕ್ಟೀರಿಯಾ ಮೂಲದ ಸಿಸೊಮೈಸಿನ್‌ನಿಂದ ಪ್ಲಾಜೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ರೂಪಿಸಿದ ಅಕಾವೊಜೆನ್ ಕಂಪನಿಯು 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದೂ ಮರುವರ್ಷವೇ ದಿವಾಳಿಯಾದದ್ದು ನೋವಿನ ಸಂಗತಿ. ಕೊನೆಯ ಅಸ್ತ್ರವಾಗಿ ಮಿತವಾಗಿ ಬಳಸಬೇಕಾದ ಮದ್ದು ಹೆಚ್ಚು ಮಾರಾಟವಾಗುವುದಾದರೂ ಹೇಗೆ? ಮಾರಾಟದ ಪ್ರಮಾಣ ನೋಡದೆ ವರ್ಷಕ್ಕಿಷ್ಟೆಂದು ಕಂಪನಿಗೆ ಹಣ ಪಾವತಿಸುವ ಬ್ರಿಟನ್ನಿನ ಕ್ರಮವನ್ನು ನಮ್ಮ ಕೇಂದ್ರ ಸರ್ಕಾರವೂ ತುರ್ತಾಗಿ ಪರಿಶೀಲಿಸಬೇಕು.

– ಒಬ್ಬ ಓದುಗ, ಧಾರವಾಡ