ಆ ಅಣ್ಣಂಗೆ ಭಯಾನೇ ಇಲ್ಲ

ಒಂಟಿಕೊಪ್ಪಲು, ಮೈಸೂರು

ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಕಾಗದ ತಲುಪಿತು. ನಿಮ್ಮತ್ತೆಯ ಮಂಡಿನೋವು, ಮನೆಯ ಸಮಾಚಾರ ಎಲ್ಲ ಫೋನಿನಲ್ಲೇ ಆಗಿದೆ, ಬಿಡು. ಕೊನೆಗೆ ಬರೆದಿದ್ದೀಯಲ್ಲ ಎರಡು ಸಾಲು, ರಾತ್ರಿಯೆಲ್ಲ ಅದೇ ಕೊರೆಯಿತು. ನಿನ್ನ ಹುಡುಗ ನಾಲೆಯ ಏರಿ ಮೇಲೆ ಕೈ ಬಿಟ್ಟು ಸೈಕಲ್ ಹೊಡೆದನಂತೆ. ಬೈದರೆ, "ಆ ಅಣ್ಣಂಗೆ ಭಯಾನೇ ಇಲ್ಲ, ನಂಗೂ ಇಲ್ಲ" ಅಂದನಂತೆ.

ಕೈ ಬಿಟ್ಟಿದ್ದಕ್ಕಿಂತ ಆ ಮಾತು ಕೇಳಿ ನನಗೆ ಹೆದರಿಕೆ.

ದಸರಾ ಎಕ್ಸಿಬಿಷನ್ನಿನಲ್ಲಿ, ಬಾವಿಯಂಥ ಹಲಗೆ ಗೋಡೆಯ ಮೇಲೆ ಬೈಕ್ ಸುತ್ತಿಸುವ ಸಾವಿನ ಬಾವಿ ಆಟಕ್ಕೆ ಟಿಕೆಟ್ ತೆಗೆಸಿದವನು ನಾನೇ ಅಲ್ವಾ? ಹತ್ತು ರೂಪಾಯಿ ನೋಟು ಅವನ ಕೈಗೆ ಕೊಟ್ಟು ಚಾಚು ಅಂದವನೂ ನಾನೇ. ಆ ಅಣ್ಣ, ಅದೇ ಬೈಕ್ ಸವಾರ, ಹ್ಯಾಂಡಲ್ ಬಿಟ್ಟು ಮೇಲೆ ಬಂದು ಅದನ್ನು ಕಿತ್ತುಕೊಂಡು ಹೋದ. ಸೈಲೆನ್ಸರ್ ಇಲ್ಲದ ಗಾಡಿಯ ಸದ್ದಿಗೆ ಹಲಗೆ ನಡುಗುತ್ತಿತ್ತು. ಹುಡುಗ ಮನೆಗೆ ಬರುವ ತನಕ ಆ ಕೈಯನ್ನು ಮುಚ್ಚಿಕೊಂಡೇ ಇದ್ದ.

ಆ ಸವಾರನಿಗೆ ಭಯ ಇಲ್ಲ ಅಂತ ಯಾರು ಹೇಳಿದರು? ವೇಗ ಇರುವ ತನಕ ಟೈರು ಗೋಡೆಗೆ ಒತ್ತಿಕೊಂಡಿರುತ್ತದೆ, ಇಳಿದರೆ ಜಾರುತ್ತದೆ. ಅದಕ್ಕೇ ಅವನು ಮೊದಲು ತಳದ ಇಳಿಜಾರು ಹಲಗೆಯಲ್ಲಿ ಸುತ್ತಿ ಸುತ್ತಿ ವೇಗ ಹಿಡಿಯುತ್ತಾನೆ. ಭಯ ಇಲ್ಲದವನಾಗಿದ್ದರೆ ಸೀದಾ ಗೋಡೆಗೇ ನುಗ್ಗುತ್ತಿದ್ದ. ಇದನ್ನು ನಾನು ಅಲ್ಲೇ ಹೇಳಬೇಕಿತ್ತು. ಸುಮ್ನೆ ಚಪ್ಪಾಳೆ ಹೊಡೆದುಕೊಂಡು ನಿಂತಿದ್ದೆ.

ನಿಮ್ಮಮ್ಮನಿಗೂ ಹೇಳದ ಒಂದು ವಿಷಯ ಇದೆ. ನಾನು ಯಾದವಗಿರಿಯ ಬೈಕ್ ಫ್ಯಾಕ್ಟರಿಗೆ ಸೇರಿದ್ದು 1973ರಲ್ಲಿ, ಅಲ್ಲಿನ ಬೈಕಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂದ ವರ್ಷ. ಆಗ ಅಮೆರಿಕದಲ್ಲಿ ಈವಲ್ ಕನೀವಲ್ ಅಂತ ಒಬ್ಬನಿದ್ದ. ಬಿಳಿ ಚರ್ಮದ ಬಟ್ಟೆ ಹಾಕಿ ಬೈಕಿನಲ್ಲಿ ಸಾಲು ಕಾರು, ಬಸ್ಸುಗಳನ್ನು ಹಾರುವವನು. ಅವನ ಫೋಟೋ ಒಂದನ್ನು ಪತ್ರಿಕೆಯಿಂದ ಕತ್ತರಿಸಿ ಟಿಫಿನ್ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡಿದ್ದೆ. ಸಂಜೆ ಗೋಕುಲಂ ಕಡೆಯ ಖಾಲಿ ರಸ್ತೆಯಲ್ಲಿ, ಓಡುವ ಗಾಡಿಯ ಸೀಟಿನ ಮೇಲೆ ನಿಂತು ಕೈ ಚಾಚುತ್ತಿದ್ದೆ. ಬೀದಿ ಹುಡುಗರೆಲ್ಲ "ಹೀರೋ, ಹೀರೋ" ಅಂತ ಹಿಂದೆ ಓಡುತ್ತಿದ್ದರು.

ಪುಟ್ಟಿ, ಪ್ರತಿ ಸಲವೂ ನನ್ನ ತೊಡೆ ನಡುಗುತ್ತಿತ್ತು. ಸಾಕು ಅಂತ ಎಷ್ಟೋ ಸಲ ಅನಿಸಿತ್ತು. ಹುಡುಗರು ಕಾಯುತ್ತಿರುತ್ತಾರೆ, ಹೇಗೆ ಬಿಡೋದು? ಕನೀವಲ್ 1975ರ ಮೇನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ 13 ಬಸ್ಸು ಹಾರಲು ಹೋಗಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಇನ್ನು ಹಾರಲ್ಲ ಅಂತ ಅಲ್ಲೇ ಜನರಿಗೆ ಹೇಳಿದ. ಅಕ್ಟೋಬರಿನಲ್ಲಿ 14 ಬಸ್ಸು ಹಾರಿದ! ದುಡ್ಡಿಗೆ ಅಂತ ಎಲ್ಲರೂ ಅಂದರು. ಇರಬಹುದು. ನನಗೆ ಮಾತ್ರ ಬೇರೆ ಕಾರಣ ಗೊತ್ತಿತ್ತು.

ಒಂದು ದಿನ ನನ್ನ ಹಿಂದೆ ಓಡುತ್ತಿದ್ದವರಲ್ಲೇ ಒಬ್ಬ ಹುಡುಗ, ನಿನ್ನ ಮಗನ ವಯಸ್ಸಿನವನು, ಅಪ್ಪನ ಸೈಕಲ್ ತಂದು ಇಳಿಜಾರಿನಲ್ಲಿ ಸೀಟಿನ ಮೇಲೆ ನಿಂತ. ಮೊಣಕೈ ಮುರಿಯಿತು. "ನಾನೇನು ಮಾಡು ಅಂದಿದ್ನಾ?" ಅಂತ ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ನೋಡಲೂ ಹೋಗಲಿಲ್ಲ. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. ದೇವರಾಜ ಮಾರ್ಕೆಟ್ಟಿನಲ್ಲಿ ಸಿಕ್ಕಿದರೆ ಸೊಟ್ಟಗಿನ ಕೈಯನ್ನೇ ಎತ್ತಿ "ಏನ್ ಹೀರೋ, ಚೆನ್ನಾಗಿದ್ದೀರಾ?" ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ. ನಾನು ಕೊತ್ತಂಬರಿ ಸೊಪ್ಪು ನೋಡುತ್ತಾ ನಿಲ್ಲುತ್ತೇನೆ.

ನಿನಗೆ ಏನು ಹೇಳಲಿ? ಹೇಳುವ ಯೋಗ್ಯತೆಯೂ ಜಾಸ್ತಿ ಇಲ್ಲ. ನಿನ್ನ ಮಗನನ್ನು ಪುಕ್ಕಲ ಅಂತ ಮಾತ್ರ ಯಾರೂ ರೇಗಿಸದ ಹಾಗೆ ನೋಡಿಕೋ, ನಿನ್ನ ಗಂಡನಿಗೂ ಹೇಳು. ಹಾಗೆ ಅನ್ನಿಸಿಕೊಂಡ ಹುಡುಗ ಮಾರನೇ ದಿನವೇ ಏರಿ ಹತ್ತುತ್ತಾನೆ. ನಾಲೆಯಲ್ಲಿ ನೀರು ಬಿಟ್ಟಾಗ ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಈಜು ಬಂದವರೂ ಹತ್ತಿ ಬರೋದು ಕಷ್ಟ, ಅದು ನಿನಗೆ ಗೊತ್ತಿರೋದೇ. ಕನೀವಲ್ಲೇ ಮಕ್ಕಳಿಗೆ ಹೆಲ್ಮೆಟ್ ಹಾಕಿ ಅನ್ನುತ್ತಿದ್ದ ಅಂತ ಹೇಳಿ ನೋಡು, ಅಮ್ಮನ ಮಾತು ಕೇಳದಿದ್ದರೂ ಅವನ ಮಾತು ಕೇಳಬಹುದೇನೋ.

ಎಕ್ಸಿಬಿಷನ್ ಇನ್ನೂ ಇದೆ. ಈ ಸಲ ಆಟ ಶುರುವಾಗುವ ಮೊದಲೇ ಕರೆದುಕೊಂಡು ಹೋಗೋಣ ಅಂತ. ಸವಾರ ಒಪ್ಪಿದರೆ, ಅವನು ಚೈನು, ನಟ್ಟು, ಹಲಗೆ ನೋಡಿಕೊಳ್ಳುವುದನ್ನು ಹುಡುಗ ನೋಡಲಿ. ಭಯ ಆಗುತ್ತಾ ಅಂತ ಸವಾರನನ್ನು ಹುಡುಗನೇ ಕೇಳಲಿ. ಏನು ಉತ್ತರ ಬರುತ್ತದೋ, ನನಗೂ ಕೇಳಬೇಕು.

ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಮಂಡ್ಯಕ್ಕೆ ಬರುತ್ತೇನೆ. ಸೈಕಲ್ ಬಚ್ಚಿಡಬೇಡ. ಬ್ರೇಕು ಸಡಿಲ ಇತ್ತು, ಬಿಗಿ ಮಾಡಿಕೊಡುತ್ತೇನೆ. ಮೊಣಕೈ ಮುರಿದುಕೊಂಡ ಹುಡುಗನ ಕಥೆಯನ್ನೂ ಅವನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ.

ನಿನ್ನ ಮಾವ