ಮುಂದಿನ ಒಪ್ಪಂದಗಳಲ್ಲಿ ಏನು ಬದಲಾಗುತ್ತದೆ, ಯಾಕೆ ಬದಲಾಗುತ್ತದೆ

ನಮಸ್ಕಾರ,

ನಮ್ಮ ಸಣ್ಣ ಸಹಕಾರಿಗೆ ಕೆಲಸ ಕೊಡುತ್ತಾ ಬಂದಿರುವ ದಾನಿ ಸಂಸ್ಥೆಗಳಿಗೆ, ಟ್ರಸ್ಟ್‌ಗಳಿಗೆ, ಇಲಾಖೆಗಳಿಗೆ ಈ ಪತ್ರ. ಸುತ್ತಿ ಬಳಸಿ ಹೇಳುವುದು ಬೇಡ. ಹವಾಮಾನ ಬದಲಾವಣೆಗೆ ಹಳ್ಳಿಗಳು ಹೊಂದಿಕೊಳ್ಳಲು ನೆರವಾಗುವ ಕೆಲಸವನ್ನು ಮುಂದಿನ ಹಣಕಾಸು ವರ್ಷದಿಂದ ನಾವು ಒಂದೊಂದು ವರ್ಷದ ಲೆಕ್ಕದಲ್ಲಿ ಒಪ್ಪಿಕೊಳ್ಳುವುದಿಲ್ಲ. ಕನಿಷ್ಠ ನಾಲ್ಕು ವರ್ಷ ಬೇಕು. ಅದರಲ್ಲಿ ಮೊದಲ ಆರು ತಿಂಗಳು ಏನನ್ನೂ ಕಟ್ಟುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ. ಊರಿನವರ ಜೊತೆ ಕೂತು ಯಾವುದು ಬೇಕು, ಯಾವುದು ಬೇಡ ಅಂತ ತೀರ್ಮಾನಿಸುವುದಷ್ಟೇ ಕೆಲಸ. ಜೊತೆಗೆ ಪ್ರತಿ ಬಜೆಟ್‌ನಲ್ಲಿ ಹತ್ತರಲ್ಲಿ ಒಂದು ಪಾಲು ರಿಪೇರಿಗೆ ಅಂತಲೇ ಮೀಸಲು. ಅದು ಊರಿನ ಸಮಿತಿಯ ಖಾತೆಯಲ್ಲಿ ಇರುತ್ತದೆ, ನಮ್ಮ ಖಾತೆಯಲ್ಲಿ ಅಲ್ಲ.

ಇದು ನಿಮಗೆ ಕಿರಿಕಿರಿ ಅಂತ ಗೊತ್ತು. ನಿಮ್ಮ ಬಜೆಟ್ ವರ್ಷಕ್ಕೊಮ್ಮೆ ಪಾಸಾಗುತ್ತದೆ, ಮಾರ್ಚ್ ಬಂತು ಅಂದರೆ ಖರ್ಚು ತೋರಿಸಬೇಕು, ಫೋಟೋ ಬೇಕು. ಆರು ತಿಂಗಳು ಸುಮ್ನೆ ಮಾತಾಡಿದ್ದಕ್ಕೆ ಫೋಟೋ ಎಲ್ಲಿಂದ ತರುವುದು? ಆದರೂ ಯಾಕೆ ಹಟ ಹಿಡಿದಿದ್ದೇವೆ ಅನ್ನುವುದಕ್ಕೆ ನಮ್ಮದಲ್ಲದ ಎರಡು ಮೂರು ಉದಾಹರಣೆ ಕೊಡುತ್ತೇವೆ. ಈ ಕ್ಷೇತ್ರದಲ್ಲಿರುವ ನಿಮಗೆ ಕೆಲವು ಗೊತ್ತೇ ಇರಬಹುದು.

ಆಫ್ರಿಕಾದ ನೈಜರ್ ದೇಶದ ಮರಾದಿ ಪ್ರದೇಶದಲ್ಲಿ 1980ರ ದಶಕದ ಆರಂಭದಲ್ಲಿ ಸಸಿ ನೆಡುವ ಕೆಲಸ ಜೋರಾಗಿ ನಡೆದಿತ್ತು. ನೆಟ್ಟದ್ದರಲ್ಲಿ ಬಹುಪಾಲು ಒಣಗಿ ಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಟೋನಿ ರಿನಾಡೊ ಒಂದು ವಿಷಯ ಗಮನಿಸಿದರು. ಹೊಲದಲ್ಲಿ ಪೊದೆ ಅಂತ ಎಲ್ಲರೂ ಸವರಿ ಹಾಕುತ್ತಿದ್ದದ್ದು ಪೊದೆಯೇ ಅಲ್ಲ, ಹಿಂದೆ ಕಡಿದ ಮರಗಳ ಬುಡದಿಂದ ಏಳುತ್ತಿದ್ದ ಚಿಗುರು. ನೆಲದಡಿ ಬೇರು ಇನ್ನೂ ಜೀವಂತವಾಗಿತ್ತು. ನಾಲ್ಕೈದು ಗಟ್ಟಿ ಚಿಗುರು ಬಿಟ್ಟು ಉಳಿದದ್ದನ್ನು ಸವರಿ, ದನಕರು ಬಾಯಿ ಹಾಕದಂತೆ ಕಾದರೆ ಮರ ತಾನಾಗಿ ಬರುತ್ತದೆ. ನರ್ಸರಿ ಬೇಡ, ನೀರು ಹೊರುವುದು ಬೇಡ. ಮುಂದಿನ ಎರಡು ದಶಕಗಳಲ್ಲಿ ರೈತರಿಂದ ರೈತರಿಗೆ ಹರಡಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲದಲ್ಲಿ ಮರ ಮತ್ತೆ ಎದ್ದಿತು. ಬಿಸಿಗಾಳಿಗೆ ತಡೆಯಾಯಿತು, ಸೌದೆ ಸಿಕ್ಕಿತು, ಬರಗಾಲದಲ್ಲಿ ಮೇವೂ ಸಿಕ್ಕಿತು.

ಇದರಲ್ಲಿ ಜನ ಅಷ್ಟಾಗಿ ಹೇಳದ ಇನ್ನೊಂದು ಭಾಗ ಇದೆ. ನಮಗೆ ಮುಖ್ಯ ಅನ್ನಿಸುವುದು ಅದೇ. ಅಲ್ಲಿನ ಹಳೆಯ ಕಾನೂನಿನ ಪ್ರಕಾರ ಹೊಲದಲ್ಲಿದ್ದರೂ ಮರ ಸರ್ಕಾರದ್ದು, ಕೊಂಬೆ ಕಡಿದರೆ ದಂಡ. ತನ್ನದಲ್ಲದ ಮರವನ್ನು ರೈತ ಯಾಕೆ ಕಾಯಬೇಕು, ಅಲ್ವಾ? ಆ ಬಿಗಿ ಸಡಿಲವಾಗಿ, ಕಾದವರಿಗೇ ಮರ ಅನ್ನುವ ನಂಬಿಕೆ ಹುಟ್ಟಿದ ಮೇಲೆ ಇದು ವೇಗವಾಗಿ ಹರಡಿತು. ಇಂಥ ಅಡ್ಡಿ ಯಾವ ಸರ್ವೆ ಫಾರಂನಲ್ಲೂ ಸಿಗುವುದಿಲ್ಲ. ಮೂರನೆಯ ಸಲವೋ ನಾಲ್ಕನೆಯ ಸಲವೋ ಹೋದಾಗ ಯಾರಾದರೂ ಬಾಯಿ ಬಿಡುತ್ತಾರೆ. ನಾವು ಕೇಳುತ್ತಿರುವ ಆರು ತಿಂಗಳು ಅದಕ್ಕಾಗಿ.

ನೈಜರ್ ಪಕ್ಕದ ದೇಶ ಬುರ್ಕಿನಾ ಫಾಸೊದ ರೈತ ಯಾಕೂಬಾ ಸವಡೊಗೊ ಕೂಡ ಹೊರಗಿನಿಂದ ಏನನ್ನೂ ತರಲಿಲ್ಲ. ಗಟ್ಟಿಯಾದ ನೆಲದಲ್ಲಿ ಬೇಸಿಗೆಯಲ್ಲೇ ಸಣ್ಣ ಗುಂಡಿ ತೋಡಿ ಗೊಬ್ಬರ ಹಾಕುವ ಹಳೆಯ ಪದ್ಧತಿಯನ್ನೇ ಸುಧಾರಿಸಿದರು. ಗೊಬ್ಬರಕ್ಕೆ ಗೆದ್ದಲು ಬರುತ್ತದೆ, ಗೆದ್ದಲು ಕೊರೆದ ದಾರಿಯಲ್ಲಿ ಮಳೆನೀರು ಇಳಿಯುತ್ತದೆ. ಗೆದ್ದಲನ್ನು ಕೆಲಸಕ್ಕೆ ಹಚ್ಚುವ ಯೋಜನೆಯನ್ನು ನಮ್ಮಂಥ ಯಾವ ಕನ್ಸಲ್ಟೆಂಟ್ ಬರೆದುಕೊಡುತ್ತಿದ್ದ ಹೇಳಿ!

ಇನ್ನು ಬಾಂಗ್ಲಾದೇಶ. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಸತ್ತವರು ಕಡಿಮೆ ಎಂದರೂ 3 ಲಕ್ಷ. 1991ರಲ್ಲಿ ಇನ್ನೊಂದು ಬಂತು, ಸುಮಾರು 1.4 ಲಕ್ಷ ಜನ ಹೋದರು. 2020ರ ಆಂಫಾನ್ ಕೂಡ ದೊಡ್ಡ ಚಂಡಮಾರುತವೇ, ಆದರೆ ಬಾಂಗ್ಲಾದೇಶದಲ್ಲಿ ಸಾವು ನೂರನ್ನೂ ಮುಟ್ಟಲಿಲ್ಲ. ಹೊರದೇಶಗಳ ನೆರವಿನಿಂದ ಕಟ್ಟಿದ ಆಶ್ರಯ ಕಟ್ಟಡಗಳ ಪಾಲು ಇದರಲ್ಲಿ ದೊಡ್ಡದು, ಒಪ್ಪುತ್ತೇವೆ. ಆದರೆ ಬರೀ ಕಟ್ಟಡದಿಂದ ಆದದ್ದಲ್ಲ. ಎಚ್ಚರಿಕೆ ಕೇಳಿದರೂ ಜನ ಮನೆ ಬಿಡುತ್ತಿರಲಿಲ್ಲ. ದನ ಬಿಟ್ಟು ಹೇಗೆ ಹೋಗುವುದು, ಅಪರಿಚಿತ ಗಂಡಸರ ನಡುವೆ ಹೆಂಗಸರು ರಾತ್ರಿ ಹೇಗೆ ಕಳೆಯುವುದು? 1991ರಲ್ಲಿ ಗಂಡಸರಿಗಿಂತ ಹೆಂಗಸರು ಜಾಸ್ತಿ ಸತ್ತದ್ದಕ್ಕೆ ಇದೂ ಒಂದು ಕಾರಣ. ಆಮೇಲೆ ಆಶ್ರಯಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ ಬಂತು, ದನಕರುಗಳಿಗೂ ಜಾಗ ಬಂತು. ಮನೆ ಬಾಗಿಲಿಗೆ ಹೋಗಿ ಎಬ್ಬಿಸಿ ಕರೆದೊಯ್ಯುವ 70 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಂದು ಇದ್ದಾರೆ, ಅವರಲ್ಲಿ ಸುಮಾರು ಅರ್ಧ ಹೆಂಗಸರು. ಇದೆಲ್ಲ ಆಗಲು ಐವತ್ತು ವರ್ಷ ಹಿಡಿಯಿತು. ನಾವು ಕೇಳುತ್ತಿರುವುದು ನಾಲ್ಕು.

ರಿಪೇರಿ ಹಣದ ವಿಷಯ ಸರಳ. ಸಹಾರಾದ ದಕ್ಷಿಣದ ದೇಶಗಳಲ್ಲಿನ ಕೈಪಂಪುಗಳ ಬಗ್ಗೆ 2009ರಲ್ಲಿ ಒಂದು ಲೆಕ್ಕ ಹೊರಬಂತು. ಸುಮಾರು ಮೂರರಲ್ಲಿ ಒಂದು ಕೆಟ್ಟು ನಿಂತಿತ್ತು. ವಾಷರ್ ಸವೆದಿರುತ್ತದೆ, ಬಿಡಿಭಾಗ ಸಿಗುವುದಿಲ್ಲ, ಹಾಕಿಸಿದವರು ಮುಂದಿನ ಊರಿಗೆ ಹೋಗಿಯಾಗಿರುತ್ತದೆ. ಉದ್ಘಾಟನೆಗೆ ಬರುವವರು ವಾಷರ್ ಬದಲಿಸಲು ಬರುವುದಿಲ್ಲ. ಬರ ಹೆಚ್ಚಾಗುವ ಕಡೆ ಕೆಟ್ಟ ಪಂಪು ಇರುವುದು ಪಂಪೇ ಇಲ್ಲದ್ದಕ್ಕಿಂತ ಕಷ್ಟ, ಯಾಕೆಂದರೆ ಪಂಪು ಇದೆಯಲ್ಲ ಅಂತ ಹಳೆಯ ಕೆರೆ, ಬಾವಿಗಳ ಹೂಳನ್ನು ಯಾರೂ ಎತ್ತಿರುವುದಿಲ್ಲ.

ಇನ್ನೊಂದು ಹೊಸ ಷರತ್ತೂ ಇದೆ, ಇದು ಸ್ವಲ್ಪ ಖಾರ. ನಿಮ್ಮ ಕಡೆಯಿಂದ ಹಣ ನಡುವೆ ನಿಂತರೆ ಆರು ತಿಂಗಳ ಮುಂಚಿತ ನೋಟಿಸ್ ಮತ್ತು ಅರ್ಧಕ್ಕೆ ನಿಂತ ಕೆಲಸವನ್ನು ಅಪಾಯವಿಲ್ಲದ ಹಂತಕ್ಕೆ ತರುವಷ್ಟು ಹಣ ಕೊಡಬೇಕು. ಅಗೆದು ಬಿಟ್ಟ ಗುಂಡಿ, ಒಂದೇ ಕಡೆ ಎತ್ತರಿಸಿದ ಏರಿ ಮಳೆಗಾಲದಲ್ಲಿ ಊರಿಗೇ ಅಪಾಯ. ಇದು ಊಹೆಯ ಭಯ ಅಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿಯಿತು, ಜುಲೈ ಹೊತ್ತಿಗೆ ಆ ನೆರವನ್ನು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್ಏಡ್ ಬಾಗಿಲು ಹಾಕಿತು. ಎಷ್ಟೋ ದೇಶಗಳಲ್ಲಿ ಕೆಲಸ ನಡುವೆಯೇ ನಿಂತಿತು.

ಹಣ ಕಡಿಮೆ ಇರುವಾಗ ಇಂಥ ಷರತ್ತು ಬೇಕಾ ಅಂತ ನೀವು ಕೇಳಬಹುದು. ಕಡಿಮೆ ಇರುವುದು ನಿಜ. ಹವಾಮಾನ ಬದಲಾವಣೆ ಎದುರಿಸಲು ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಅಂತ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನದಲ್ಲಿ ಹೇಳಿದವು. 2020ಕ್ಕೆ ಮುಟ್ಟಬೇಕಿದ್ದ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ನಮ್ಮಂಥ ಹೊಂದಿಕೊಳ್ಳುವ ಕೆಲಸಕ್ಕೆ ಸಿಕ್ಕಿದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ, ಮತ್ತು ಒಟ್ಟು ಸರ್ಕಾರಿ ಹಣದಲ್ಲಿ ಹೆಚ್ಚಿನದು ಸಾಲ. ಹೀಗಿರುವಾಗ ಹತ್ತು ಊರಿಗೆ ತುಂಡು ತುಂಡಾಗಿ ಹಂಚಿ ಎಲ್ಲ ಕಡೆ ಅರೆಬರೆ ಮಾಡುವುದಕ್ಕಿಂತ ನಾಲ್ಕು ಊರಿನಲ್ಲಿ ಪೂರ್ತಿ ಮಾಡುವುದು ಮೇಲು ಅನ್ನುವುದು ನಮ್ಮ ಲೆಕ್ಕ. ಫಲಾನುಭವಿಗಳ ಸಂಖ್ಯೆ ನಿಮ್ಮ ವಾರ್ಷಿಕ ವರದಿಯಲ್ಲಿ ಸಣ್ಣದಾಗಿ ಕಾಣುತ್ತದೆ, ಅದು ಹೌದು.

ಈಗ ನಡೆಯುತ್ತಿರುವ ಒಪ್ಪಂದಗಳಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಅವು ಹಳೆಯ ಷರತ್ತಿನಲ್ಲೇ ಮುಗಿಯುತ್ತವೆ. ಹೊಸ ಪ್ರಸ್ತಾವಗಳಲ್ಲಿ ಯಾವ ಕಾಮಗಾರಿ ಅನ್ನುವ ಕಾಲಂ ಖಾಲಿ ಇರುತ್ತದೆ, ಗಾಬರಿಯಾಗಬೇಡಿ, ಏಳನೇ ತಿಂಗಳಲ್ಲಿ ಊರಿನ ಸಮಿತಿಯ ಸಹಿಯೊಂದಿಗೆ ತುಂಬಿ ಕಳಿಸುತ್ತೇವೆ. ವರದಿಗಳನ್ನು ಮೊದಲು ಊರಿನ ಭಾಷೆಯಲ್ಲಿ ಬರೆದು ಸಭೆಯಲ್ಲಿ ಓದಿ, ಆಮೇಲೆ ನಿಮಗೆ ಕಳಿಸುವುದರಿಂದ ಎರಡು ಮೂರು ವಾರ ತಡವಾಗಬಹುದು.

ನಿಮ್ಮ ನಿಯಮಗಳಲ್ಲಿ ನಾಲ್ಕು ವರ್ಷದ ಒಪ್ಪಂದಕ್ಕೆ ದಾರಿಯೇ ಇಲ್ಲದಿದ್ದರೆ ಈಗಲೇ ತಿಳಿಸಿ. ಎರಡು ಅಥವಾ ಮೂರು ಸಂಸ್ಥೆಗಳು ಸೇರಿ ಒಂದೇ ಊರಿಗೆ ಸರದಿಯಲ್ಲಿ ಹಣ ಕೊಡುವ ಕರಡು ಒಪ್ಪಂದ ನಮ್ಮ ಬಳಿ ಸಿದ್ಧ ಇದೆ, ಕೇಳಿದವರಿಗೆ ಕಳಿಸುತ್ತೇವೆ.

ಇಂತಿ,
ಸಹಕಾರಿಯ ಸದಸ್ಯರೆಲ್ಲರ ಪರವಾಗಿ
ಕಾರ್ಯದರ್ಶಿ